ಮಹಾಪ್ರಬಂಧವನ್ನು ವಿಶ್ವವಿದ್ಯಾಲಯದ ಜಾಲ ಭಂಡಾರಕ್ಕೆ ಕೊಡುವ ಮೊದಲು: ಅಚ್ಚಾದ ಅಧ್ಯಾಯ, ಹಾಲಕ್ಕಿ ಹಾಡು, ಸ್ಟುಡಿಯೊ ಫೋಟೊ, ಇವುಗಳ ಹಕ್ಕು ಯಾರದು?

ಪ್ರಶ್ನೆ: ಅಂಕೋಲಾದ ಸಂಶೋಧಕಿ

ಎಲ್ಲರಿಗೂ ನಮಸ್ಕಾರ. ನಾನು ಅಂಕೋಲಾ ತಾಲೂಕಿನವಳು, ಕುಮಟಾದ ಒಂದು ಪದವಿ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿಯಾಗಿದ್ದೇನೆ. ಹಾಲಕ್ಕಿ ಒಕ್ಕಲಿಗರ ಹೆಂಗಸರ ಹಾಡುಗಳು ಮತ್ತು ಸುಗ್ಗಿ ಕುಣಿತದ ಮೇಲೆ ಕನ್ನಡದಲ್ಲಿ ಬರೆದ ನನ್ನ ಮಹಾಪ್ರಬಂಧದ ಮೌಖಿಕ ಪರೀಕ್ಷೆ ಕಳೆದ ತಿಂಗಳು ಮುಗಿಯಿತು. ಈಗ ವಿಶ್ವವಿದ್ಯಾಲಯದ ಗ್ರಂಥಾಲಯದವರು ಪ್ರಬಂಧದ ಪಿಡಿಎಫ್ ಜೊತೆಗೆ ಎರಡು ಪುಟಗಳ ಒಪ್ಪಿಗೆಪತ್ರವೊಂದಕ್ಕೆ ಸಹಿ ಹಾಕಿ ಕೊಡಲು ಹೇಳಿದ್ದಾರೆ. ಪತ್ರ ಇಂಗ್ಲಿಷಿನಲ್ಲಿದೆ. ನಾನು 'ನಾನ್ ಎಕ್ಸ್‌ಕ್ಲೂಸಿವ್ ಲೈಸೆನ್ಸ್' ಕೊಡುತ್ತಿದ್ದೇನೆಂದೂ, ಪ್ರಬಂಧದಲ್ಲಿರುವ 'ಥರ್ಡ್ ಪಾರ್ಟಿ', ಅಂದರೆ ಬೇರೆಯವರ, ಸಾಮಗ್ರಿಗೆಲ್ಲ ಅನುಮತಿ ಪಡೆದಿದ್ದೇನೆಂದೂ, ತಕರಾರು ಬಂದರೆ ಹೊಣೆ ನನ್ನದೇ ಎಂದೂ ಅದರಲ್ಲಿ ಬರೆದಿದೆ. ಎರಡನೆಯ ಮತ್ತು ಮೂರನೆಯ ಮಾತುಗಳನ್ನು ಓದಿದ ಮೇಲೆ ಪೆನ್ನು ಮುಂದೆ ಹೋಗಲಿಲ್ಲ.

ನನ್ನ ತೊಡಕುಗಳು ಹೀಗಿವೆ. ಮೂರನೆಯ ಅಧ್ಯಾಯದ ಬಹುಭಾಗ ಒಂದು ಸಂಪಾದಿತ ಗ್ರಂಥದಲ್ಲಿ ಲೇಖನವಾಗಿ ಈಗಾಗಲೇ ಅಚ್ಚಾಗಿದೆ. ಆಗ ಯಾವ ಕಾಗದಕ್ಕೂ ನಾನು ಸಹಿ ಮಾಡಿಲ್ಲ. ಎರಡು ಗೌರವ ಪ್ರತಿಗಳು ಅಂಚೆಯಲ್ಲಿ ಬಂದವು, ಅಷ್ಟೆ. ಐದನೆಯ ಅಧ್ಯಾಯ ನನ್ನ ಮತ್ತು ಮಾರ್ಗದರ್ಶಕರ ಹೆಸರಿನಲ್ಲಿ ಒಂದು ವಿದೇಶಿ ಜರ್ನಲ್‌ನಲ್ಲಿ ಇಂಗ್ಲಿಷಿನಲ್ಲಿ ಬಂದಿದ್ದು, ಅಲ್ಲಿ ಪ್ರಕಟಣೆಗೆ ಮುನ್ನ ಜಾಲತಾಣದಲ್ಲಿ ಏನನ್ನೋ 'ಒಪ್ಪಿದ್ದೇನೆ' ಎಂದು ಒತ್ತಿದ ನೆನಪಿದೆ. ಫೋಟೊಗಳು 42. ಅವುಗಳಲ್ಲಿ 17ನ್ನು ಸುಗ್ಗಿ ಹುಣ್ಣಿಮೆಯ ದಿನ ಕುಮಟಾದ ಸ್ಟುಡಿಯೊದವರೊಬ್ಬರಿಗೆ ಹಣ ಕೊಟ್ಟು ತೆಗೆಸಿದ್ದೇನೆ, ಆರು ಪತ್ರಿಕೆಯಿಂದ ಸ್ಕ್ಯಾನ್ ಮಾಡಿದವು, ಉಳಿದವು ನನ್ನ ಮೊಬೈಲಿನವು. ಅನುಬಂಧದಲ್ಲಿ 63 ಹಾಡುಗಳಿವೆ; ಹೆಚ್ಚಿನವು ನಾನೇ ಧ್ವನಿಮುದ್ರಿಸಿ ಬರೆದುಕೊಂಡವು, ಹತ್ತು ಹಾಡುಗಳು ಮಾತ್ರ 60ರ ದಶಕದ ಒಂದು ಅಚ್ಚಾದ ಸಂಗ್ರಹದಿಂದ ತೆಗೆದುಕೊಂಡವು. ಒಂಬತ್ತು ಗಂಟೆಗಳ ಧ್ವನಿಮುದ್ರಿಕೆ ಡಿವಿಡಿಯಲ್ಲಿದೆ, ಅದರ ಕೊನೆಗೆ ಕಾರವಾರ ಆಕಾಶವಾಣಿಯ ಹಳೆಯ ಕಾರ್ಯಕ್ರಮವೊಂದರ ಆರು ನಿಮಿಷದ ತುಣುಕೂ ಸೇರಿದೆ.

ಇದರ ಮೇಲೆ ಪ್ರಬಂಧವನ್ನು ಪುಸ್ತಕವಾಗಿ ತರಲು ಒಪ್ಪಿದ್ದ ಪ್ರಕಾಶಕರು, ಎಲ್ಲವೂ ಜಾಲದಲ್ಲಿ ಪುಕ್ಕಟೆ ಸಿಗುವುದಾದರೆ ಪುಸ್ತಕವನ್ನು ಕೊಳ್ಳುವವರು ಯಾರು ಎಂದು ಕೇಳುತ್ತಿದ್ದಾರೆ. ಸಹಿ ಹಾಕಿದರೆ ಪ್ರಬಂಧದ ಹಕ್ಕು ವಿಶ್ವವಿದ್ಯಾಲಯಕ್ಕೆ ಹೋಗುತ್ತದೆಯೇ? ಹಾಕದಿದ್ದರೆ ಪದವಿ ಪ್ರಮಾಣಪತ್ರ ತಡೆಯುತ್ತದೆಯೇ? ಬಲ್ಲವರು ದಯವಿಟ್ಟು ತಿಳಿಸಿ.

ಉತ್ತರ 1: ಶಿರಸಿಯ ಗ್ರಂಥಪಾಲಕ

ನಿಮ್ಮ ಮುಖ್ಯ ಭಯಕ್ಕೆ ಮೊದಲು ಉತ್ತರಿಸುತ್ತೇನೆ. ಆ ಪತ್ರಕ್ಕೆ ಸಹಿ ಹಾಕಿದರೆ ಪ್ರಬಂಧದ ಕೃತಿಸ್ವಾಮ್ಯ ವಿಶ್ವವಿದ್ಯಾಲಯಕ್ಕೆ ಹೋಗುವುದಿಲ್ಲ. ನಮ್ಮ ಘಟ್ಟದ ಮೇಲಿನ ಅಡಿಕೆ ತೋಟದವರಿಗೆ ಸೊಪ್ಪಿನ ಬೆಟ್ಟ ಎಂದರೆ ಏನೆಂದು ಗೊತ್ತು: ತೋಟಿಗ ಅಲ್ಲಿ ಸೊಪ್ಪು ಕಡಿಯಬಹುದು, ದರಕು (ಒಣ ಎಲೆ) ಗುಡಿಸಬಹುದು, ನೆಲ ಮಾತ್ರ ಅವನದಲ್ಲ. ನೀವು ಕೊಡುತ್ತಿರುವ ಲೈಸೆನ್ಸ್ ಹೆಚ್ಚುಕಡಿಮೆ ಆ ಬಗೆಯದು. ಪ್ರತಿ ಮಾಡಿ ಇಟ್ಟುಕೊಳ್ಳುವ, ಜಾಲದಲ್ಲಿ ಓದಲು ಕೊಡುವ, ಮುಂದೆ ಕಡತದ ಮಾದರಿ ಹಳತಾದರೆ ಹೊಸ ಮಾದರಿಗೆ ಬದಲಿಸುವ ಸವಲತ್ತು ಗ್ರಂಥಾಲಯಕ್ಕೆ ಸಿಗುತ್ತದೆ. 'ನಾನ್ ಎಕ್ಸ್‌ಕ್ಲೂಸಿವ್' ಎಂಬ ಮಾತು ಇರುವುದರಿಂದ ಅದೇ ಸವಲತ್ತನ್ನು ನೀವು ಇನ್ನೊಬ್ಬರಿಗೂ ಕೊಡಬಹುದು. ಇದನ್ನು ಗೇಣಿಗೆ ಹೋಲಿಸಿ ಹೇಳಲು ಹೋಗಿ ಒಮ್ಮೆ ಪೇಚಿಗೆ ಸಿಕ್ಕಿದ್ದೇನೆ. 1974ರ ನಂತರ ಗೇಣಿ ಭೂಮಿ ಉಳುವವರದಾದುದನ್ನು ಕಂಡ ಮನೆಯಿಂದ ಬಂದ ಪ್ರಾಧ್ಯಾಪಕರೊಬ್ಬರು ಆ ಮಾತು ಕೇಳಿದೊಡನೆ ಪತ್ರವನ್ನು ಹಿಂದಕ್ಕೆ ತಳ್ಳಿದರು. ಕೃತಿಸ್ವಾಮ್ಯದಲ್ಲಿ ಹಾಗಿಲ್ಲ, ಅನುಮತಿ ಪಡೆದವನು ಎಷ್ಟು ವರ್ಷ ಬಳಸಿದರೂ ಒಡೆಯನಾಗುವುದಿಲ್ಲ.

ಇನ್ನು ಒಡೆತನ ನಿಮ್ಮದೇ ಹೌದೇ ಎಂಬುದನ್ನು ನೋಡಬೇಕು. 1957ರ ಕೃತಿಸ್ವಾಮ್ಯ ಕಾಯಿದೆಯ 17ನೇ ಸೆಕ್ಷನ್ ಪ್ರಕಾರ ಕೃತಿಯ ಮೊದಲ ಒಡೆಯರು ಅದನ್ನು ರಚಿಸಿದವರು. ನೌಕರಿಯ ಕೆಲಸವಾಗಿಯೇ ಬರೆದದ್ದಾದರೆ, ಬೇರೆ ಒಪ್ಪಂದವಿಲ್ಲದಾಗ ಅದು ಕೆಲಸ ಕೊಟ್ಟವರದಾಗುತ್ತದೆ. ನೀವು ಪ್ರಬಂಧವನ್ನು ವಿದ್ಯಾರ್ಥಿನಿಯಾಗಿ ಬರೆದಿದ್ದೀರಿ, ಕುಮಟಾದ ಕಾಲೇಜು ನಿಮ್ಮನ್ನು ಪಾಠ ಹೇಳಲು ನೇಮಿಸಿಕೊಂಡಿದೆ. ಆದ್ದರಿಂದ ಹಕ್ಕು ನಿಮ್ಮದೇ. ಆದರೂ ವಿಶ್ವವಿದ್ಯಾಲಯದ ಬೌದ್ಧಿಕ ಸ್ವತ್ತಿನ ನಿಯಮಾವಳಿಯನ್ನು ಒಮ್ಮೆ ತರಿಸಿಕೊಂಡು ಓದಿ. ನೋಂದಣಿ ಮಾಡಿಸದಿದ್ದರೆ ಹಕ್ಕಿಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಬರೆದ ಕ್ಷಣದಿಂದಲೇ ಹಕ್ಕು ಹುಟ್ಟುತ್ತದೆ. ಐಎಸ್‌ಬಿಎನ್‌ಗೂ ಕೃತಿಸ್ವಾಮ್ಯಕ್ಕೂ ಸಂಬಂಧವಿಲ್ಲ.

ಪ್ರಬಂಧ ಕೊಡದೆ ಇರುವ ದಾರಿ ನಿಮಗಿಲ್ಲ. ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗದ) 2009ರ ನಿಯಮಾವಳಿ ಪದವಿ ಘೋಷಣೆಯ ನಂತರ ಎಲೆಕ್ಟ್ರಾನಿಕ್ ಪ್ರತಿಯನ್ನು ಒಪ್ಪಿಸಬೇಕೆಂದಿತ್ತು, 2016ರ ನಿಯಮಾವಳಿ ಅದನ್ನು ಪದವಿ ಕೊಡುವುದಕ್ಕೆ ಮೊದಲೇ ವಿಶ್ವವಿದ್ಯಾಲಯಗಳ ಗ್ರಂಥಾಲಯಗಳನ್ನು ಜೋಡಿಸುವ ಕೇಂದ್ರವಾದ ಇನ್‌ಫ್ಲಿಬ್‌ನೆಟ್‌ಗೆ ಕಳಿಸಬೇಕೆಂದಿತು. ಹಾಗೆ ಹೋದದ್ದು ಗಾಂಧಿನಗರದಲ್ಲಿರುವ ಆ ಕೇಂದ್ರದ ಶೋಧಗಂಗಾ ಎಂಬ ಪ್ರಬಂಧಗಳ ಜಾಲ ಭಂಡಾರದಲ್ಲಿ ಸೇರುತ್ತದೆ. ಶೋಧಗಂಗಾ ತನ್ನಲ್ಲಿರುವ ಪ್ರಬಂಧಗಳನ್ನು ಕ್ರಿಯೇಟಿವ್ ಕಾಮನ್ಸ್‌ನ ಬಿವೈ-ಎನ್‌ಸಿ-ಎಸ್‌ಎ ಪರವಾನಗಿಯಡಿ ಇಡುತ್ತದೆ. ಅಂದರೆ ಲೇಖಕರ ಹೆಸರು ಹೇಳಿ, ವ್ಯಾಪಾರಕ್ಕಲ್ಲದೆ, ಮಾರ್ಪಡಿಸಿದರೆ ಅದನ್ನೂ ಅದೇ ಷರತ್ತಿನಲ್ಲಿ ಹಂಚುವುದಾದರೆ ಯಾರಾದರೂ ಬಳಸಬಹುದು. ಇಂಥ ಪರವಾನಗಿಯನ್ನು ಒಮ್ಮೆ ಕೊಟ್ಟರೆ, ಅದರಡಿಯಲ್ಲಿ ಪ್ರತಿ ಪಡೆದವರಿಂದ ಹಿಂದಕ್ಕೆ ಪಡೆಯಲು ಬರುವುದಿಲ್ಲ. ಮತ್ತು ನಿಮ್ಮದಲ್ಲದ ಸಾಮಗ್ರಿಗೆ ಅದನ್ನು ಕೊಡುವ ಅಧಿಕಾರವೂ ನಿಮಗಿರುವುದಿಲ್ಲ. ನಿಮ್ಮ ಪೆನ್ನು ನಿಂತ ಜಾಗ ಸರಿಯಾಗಿಯೇ ಇದೆ: ಪತ್ರದ ಮೊದಲ ಮಾತಿನಲ್ಲಿ ಅಪಾಯವಿಲ್ಲ, ಎರಡನೆಯದರಲ್ಲಿ ಇದೆ.

ಸಂಪಾದಿತ ಗ್ರಂಥದ ಲೇಖನದಲ್ಲಿ ತೊಡಕಿರಲಾರದು ಎಂದು ನನ್ನ ಎಣಿಕೆ. ಮೊದಲು ಆ ಪುಸ್ತಕದ ಶೀರ್ಷಿಕೆ ಪುಟದ ಹಿಂಬದಿಯನ್ನು ನೋಡಿ. ನಮ್ಮ ಪುಸ್ತಕಗಳಲ್ಲಿ 'ಹಕ್ಕುಗಳು: ಲೇಖಕರವು' ಎಂದೋ 'ಹಕ್ಕು: ಸಂಪಾದಕರದು' ಎಂದೋ ಒಂದು ಸಾಲು ಅಲ್ಲಿರುತ್ತದೆ. ಎರಡನೆಯದಿದ್ದರೂ ಗಾಬರಿ ಬೇಡ, ಏಕೆಂದರೆ ಅಚ್ಚು ಮಾಡಿದ ಮಾತ್ರಕ್ಕೆ ಹಕ್ಕು ಕೈಬದಲಾಗುವುದಿಲ್ಲ. 19ನೇ ಸೆಕ್ಷನ್ನಿನ ಪ್ರಕಾರ ಹಕ್ಕಿನ ವರ್ಗಾವಣೆ ಬರವಣಿಗೆಯಲ್ಲಿರಬೇಕು, ವರ್ಗಾಯಿಸುವವರ ಸಹಿ ಇರಬೇಕು. ಸಹಿಯೇ ಇಲ್ಲದ ಕಡೆ ವರ್ಗಾವಣೆಯೂ ಇಲ್ಲ. ಕಾಗದವಿದ್ದು ಅದರಲ್ಲಿ ಅವಧಿ ಹೇಳಿಲ್ಲವಾದರೆ ಐದು ವರ್ಷ ಎಂದೂ, ಪ್ರದೇಶ ಹೇಳಿಲ್ಲವಾದರೆ ಭಾರತಕ್ಕೆ ಮಾತ್ರ ಎಂದೂ ಅದೇ ಸೆಕ್ಷನ್ ಹೇಳುತ್ತದೆ. ಎರಡು ಗೌರವ ಪ್ರತಿ ಕಳಿಸಿ ಕೈತೊಳೆದುಕೊಳ್ಳುವ ನಮ್ಮ ಪ್ರಕಟಣಾ ಪದ್ಧತಿಯ ಬಗ್ಗೆ ನನಗೆ ಬೇಕಾದಷ್ಟು ಬೇಸರವಿದೆ, ಆದರೆ ಈ ಒಂದು ವಿಷಯದಲ್ಲಿ ಅದು ಲೇಖಕರಿಗೇ ಅನುಕೂಲವಾಗಿ ಪರಿಣಮಿಸಿದೆ. ಅಧ್ಯಾಯದ ಮೊದಲ ಪುಟದಡಿ 'ಇದರ ಒಂದು ರೂಪ ಇಂಥ ಗ್ರಂಥದಲ್ಲಿ ಪ್ರಕಟವಾಗಿದೆ' ಎಂದು ಬರೆಯಿರಿ. ಇದು ಹಕ್ಕಿಗಿಂತ ಹೆಚ್ಚಾಗಿ ಸಾಮ್ಯ ಪರೀಕ್ಷೆಗೆ ಬೇಕು. ಇಲ್ಲವಾದರೆ ತಂತ್ರಾಂಶ ನಿಮ್ಮದೇ ಬರಹವನ್ನು ನೀವು ಕದ್ದಿರುವಂತೆ ತೋರಿಸುತ್ತದೆ.

ಫೋಟೊಗಳ ವಿಷಯ ಇನ್ನೂ ಸುಲಭ. ಹಣ ಕೊಟ್ಟು ಹೇಳಿ ತೆಗೆಸಿದ ಫೋಟೊದ ಮೊದಲ ಒಡೆಯರು, ಬೇರೆ ಒಪ್ಪಂದವಿಲ್ಲದಿದ್ದರೆ, ತೆಗೆಸಿದವರೇ. ಆ 17 ನಿಮ್ಮವು. ಛಾಯಾಗ್ರಾಹಕರ ಹೆಸರನ್ನು ಮಾತ್ರ ಪ್ರತಿ ಚಿತ್ರದ ಕೆಳಗೆ ಹಾಕಿ. ಹಕ್ಕು ಕೈಬದಲಾದರೂ ರಚಿಸಿದವರು ತಮ್ಮ ಹೆಸರನ್ನು ಕೇಳುವ ವಿಶೇಷ ಹಕ್ಕು 57ನೇ ಸೆಕ್ಷನ್ನಿನಲ್ಲಿ ಉಳಿದೇ ಇರುತ್ತದೆ. ಪತ್ರಿಕೆಯ ಆರನ್ನು ತೆಗೆದುಬಿಡಿ. ನಿಮ್ಮ ಮೊಬೈಲಿನಲ್ಲಿ ಅಷ್ಟೊಂದು ಚಿತ್ರಗಳಿರುವಾಗ ಸ್ಕ್ಯಾನ್ ಮಾಡಿದ ಚುಕ್ಕೆ ಚುಕ್ಕೆಯ ಚಿತ್ರಕ್ಕಾಗಿ ಅನುಮತಿ ಪತ್ರ ಬರೆದು ತಿಂಗಳುಗಟ್ಟಲೆ ಕಾಯುವ ಅಗತ್ಯ ನನಗಂತೂ ಕಾಣುವುದಿಲ್ಲ.

ಪುಸ್ತಕದ ಪ್ರಕಾಶಕರಿಗೆ ಹೇಳಬೇಕಾದದ್ದು ಎರಡು. ವ್ಯಾಪಾರಕ್ಕಲ್ಲದ ಬಳಕೆಗೆ ಮಾತ್ರ ಪರವಾನಗಿ ಇರುವುದರಿಂದ ಜಾಲದ ಪ್ರತಿಯನ್ನು ಇನ್ನೊಬ್ಬರು ಅಚ್ಚು ಹಾಕಿ ಮಾರುವಂತಿಲ್ಲ. ಮಾರುವ ಹಕ್ಕು ನಿಮ್ಮಲ್ಲೇ ಉಳಿದಿದೆ, ಅದನ್ನು ನೀವು ಅವರಿಗೆ ಕೊಡಬಹುದು. ಎರಡನೆಯದಾಗಿ, ನಿರ್ದಿಷ್ಟ ಅವಧಿಯವರೆಗೆ ಪೂರ್ಣಪಠ್ಯವನ್ನು ತೆರೆಯದೆ ಶೀರ್ಷಿಕೆ ಮತ್ತು ಸಾರಾಂಶವನ್ನಷ್ಟೇ ತೋರಿಸುವಂತೆ ಗ್ರಂಥಾಲಯವನ್ನು ಬರವಣಿಗೆಯಲ್ಲಿ ಕೇಳಿ. ಇದಕ್ಕೆ ಎಂಬಾರ್ಗೊ ಎನ್ನುತ್ತಾರೆ. ನಿಮ್ಮ ಒಪ್ಪಿಗೆಪತ್ರದಲ್ಲಿ ಅದಕ್ಕೊಂದು ಅಂಕಣವಿದೆಯೇ ನೋಡಿ, ಇಲ್ಲದಿದ್ದರೆ ಪ್ರತ್ಯೇಕ ಅರ್ಜಿ ಕೊಡಿ. ಪುಸ್ತಕದ ಒಪ್ಪಂದಕ್ಕೆ ಸಹಿ ಮಾಡುವಾಗ ಈ ಸಾಲನ್ನು ಸೇರಿಸಲು ಮರೆಯಬೇಡಿ: 'ಈ ಕೃತಿಗೆ ಆಧಾರವಾದ ಮಹಾಪ್ರಬಂಧವನ್ನು ಪದವಿ ನೀಡಿದ ವಿಶ್ವವಿದ್ಯಾಲಯದ ಮತ್ತು ಯುಜಿಸಿ ಸೂಚಿಸಿದ ಭಂಡಾರಗಳಲ್ಲಿ ಇರಿಸಲು ಲೇಖಕರು ಈ ಮೊದಲೇ ನೀಡಿರುವ ಅನುಮತಿಗೆ ಈ ಒಪ್ಪಂದದಿಂದ ಬಾಧಕವಿಲ್ಲ.' ಮೊದಲೇ ಒಬ್ಬರಿಗೆ ಅನುಮತಿ ಕೊಟ್ಟು, ಆಮೇಲೆ ಇನ್ನೊಬ್ಬರಿಗೆ 'ಸಮಸ್ತ ಹಕ್ಕುಗಳೂ ನಿಮಗೆ ಮಾತ್ರ' ಎಂದು ಬರೆದುಕೊಟ್ಟರೆ ತಪ್ಪು ನಿಮ್ಮದಾಗುತ್ತದೆ.

ಹಾಡುಗಳ ವಿಷಯವನ್ನು ಕಾನೂನು ಬಲ್ಲವರಿಗೆ ಬಿಡುತ್ತೇನೆ.

ಉತ್ತರ 2: ಕಾರವಾರದ ಕಡಲ ಜೀವಶಾಸ್ತ್ರ ಅಧ್ಯಾಪಕ

ವಿದೇಶಿ ಜರ್ನಲ್‌ನ ವಿಷಯದಲ್ಲಿ ಪೆಟ್ಟು ತಿಂದವನಾದ್ದರಿಂದ ನಾಲ್ಕು ಮಾತು ಬರೆಯುತ್ತೇನೆ. ಕಾಳಿ ನದಿಯ ಅಳಿವೆಯ ಚಿಪ್ಪುಮೀನಿನ ಮೇಲೆ ನಾವು ಮೂವರು ಬರೆದ ಲೇಖನವೊಂದನ್ನು, ಜರ್ನಲ್‌ನ ಲಾಂಛನ, ಪುಟಸಂಖ್ಯೆ ಎಲ್ಲವೂ ಇದ್ದ ಅಚ್ಚಿನ ರೂಪದಲ್ಲೇ ಸಂಸ್ಥೆಯ ಭಂಡಾರಕ್ಕೆ ಏರಿಸಿದ್ದೆ. ಬರೆದವನು ನಾನು, ಸಂಸ್ಥೆ ನನ್ನದು, ಇನ್ನೇನು ಬೇಕು ಎಂಬ ಧೈರ್ಯ. ಎಂಟು ತಿಂಗಳ ನಂತರ ಪ್ರಕಾಶಕರ ಕಡೆಯಿಂದ ತೆಗೆದುಹಾಕುವಂತೆ ಮಿಂಚಂಚೆ ಬಂತು. ಲೇಖನವನ್ನು ತೆಗೆದರು, ಅದರ ಜೊತೆಗೆ ನಮ್ಮ ವಿಭಾಗದ ಬೇರೆ ಹನ್ನೊಂದು ಲೇಖನಗಳನ್ನೂ ಪರಿಶೀಲನೆಯ ಹೆಸರಿನಲ್ಲಿ ಮುಚ್ಚಿಟ್ಟರು. ಅವನ್ನು ಮತ್ತೆ ತೆರೆಸಲು ಎರಡು ಸೆಮಿಸ್ಟರ್ ಹಿಡಿಯಿತು.

ಆಗ ಕಲಿತದ್ದು ಇಷ್ಟು. ಒಂದು ಲೇಖನಕ್ಕೆ ಮೂರು ರೂಪಗಳಿರುತ್ತವೆ: ಮೊದಲು ಕಳಿಸಿದ ಹಸ್ತಪ್ರತಿ, ವಿಮರ್ಶಕರು ಹೇಳಿದಂತೆ ತಿದ್ದಿ ಸಂಪಾದಕರು ಒಪ್ಪಿಕೊಂಡ ಹಸ್ತಪ್ರತಿ, ಮತ್ತು ಪ್ರಕಾಶಕರು ಜೋಡಿಸಿ ಅಚ್ಚು ಮಾಡಿದ ರೂಪ. ಚಂದಾದಾರಿಕೆಯ ಜರ್ನಲ್‌ಗಳು ಸಾಮಾನ್ಯವಾಗಿ ಮೂರನೆಯದನ್ನು ಭಂಡಾರದಲ್ಲಿಡಲು ಬಿಡುವುದಿಲ್ಲ. ಎರಡನೆಯದನ್ನು ನಿಗದಿತ ಅವಧಿಯ ನಂತರ ಬಿಡುತ್ತವೆ. ಸ್ಪ್ರಿಂಗರ್‌ನ ಚಂದಾ ಜರ್ನಲ್‌ಗಳಲ್ಲಿ ಆ ಅವಧಿ ಪ್ರಕಟಣೆಯಿಂದ 12 ತಿಂಗಳು. ಬೇರೆಯವರದ್ದು ಬೇರೆ, ಒಬ್ಬರೇ ಪ್ರಕಾಶಕರಲ್ಲೂ ಜರ್ನಲ್‌ನಿಂದ ಜರ್ನಲ್‌ಗೆ ವ್ಯತ್ಯಾಸವಿರುತ್ತದೆ. ಶೆರ್ಪಾ ರೋಮಿಯೋ ಎಂಬ ಹೆಸರಿನಲ್ಲಿ ಬಹುಕಾಲದಿಂದ ಪರಿಚಿತವಾದ ಜಾಲತಾಣದಲ್ಲಿ ಜರ್ನಲ್‌ನ ಹೆಸರು ಕೊಟ್ಟು ಹುಡುಕಿದರೆ ಯಾವ ರೂಪಕ್ಕೆ ಯಾವ ಷರತ್ತು ಎಂಬುದು ಸಿಗುತ್ತದೆ, ಆದರೂ ಕೊನೆಯ ಮಾತು ನೀವು ಒಪ್ಪಿದ ಕರಾರಿನದೇ.

ನಿಮ್ಮ ಸಂದರ್ಭದಲ್ಲಿ ಒಂದು ಅನುಕೂಲವಿದೆ. ಲೇಖಕರು ತಮ್ಮ ಲೇಖನವನ್ನು ತಮ್ಮದೇ ಪ್ರಬಂಧದಲ್ಲಿ ಸೇರಿಸಿಕೊಳ್ಳಲು ದೊಡ್ಡ ಪ್ರಕಾಶಕರಲ್ಲಿ ಹೆಚ್ಚಿನವರು ಮೊದಲೇ ಅನುಮತಿ ಕೊಟ್ಟಿರುತ್ತಾರೆ, ಪ್ರಬಂಧ ಜಾಲದಲ್ಲಿದ್ದ ಮಾತ್ರಕ್ಕೆ ಅದನ್ನು ಪೂರ್ವಪ್ರಕಟಣೆ ಎಂದೂ ಎಣಿಸುವುದಿಲ್ಲ. ನಿಮ್ಮ ಐದನೆಯ ಅಧ್ಯಾಯ ಕನ್ನಡದಲ್ಲಿದೆ, ಲೇಖನ ಇಂಗ್ಲಿಷಿನಲ್ಲಿದೆ. ಹಾಗೆಂದು ಬಚಾವಾದೆ ಎಂದುಕೊಳ್ಳಬೇಡಿ, ಭಾಷಾಂತರದ ಹಕ್ಕೂ ಕೃತಿಸ್ವಾಮ್ಯದ ಒಂದು ಭಾಗವೇ. ಯಾವುದು ಮೊದಲು ಬರೆದದ್ದು ಎಂಬುದನ್ನು ತಾರೀಖಿನ ಸಮೇತ ನೋಡಿಕೊಳ್ಳಿ. ಕನ್ನಡ ಅಧ್ಯಾಯವೇ ಮೊದಲಿನದಾಗಿದ್ದು ಅದರಿಂದ ಇಂಗ್ಲಿಷ್ ಲೇಖನ ಹುಟ್ಟಿದ್ದಾದರೆ, ನೀವು ಜರ್ನಲ್‌ಗೆ ಕೊಟ್ಟದ್ದು ಆ ಇಂಗ್ಲಿಷ್ ಪಠ್ಯದ ಹಕ್ಕನ್ನು. ಜಾಲದಲ್ಲಿ ಒತ್ತಿದ್ದು ಸಹಿಯಾಗುತ್ತದೆಯೇ ಎಂದು ವಾದಿಸಬಹುದೇನೋ, ಆ ವಾದವನ್ನು ನಂಬಿ ಮುಂದುವರಿಯಬೇಡಿ. ಇಂಥ ಕರಾರುಗಳಿಗೆ ಯಾವ ದೇಶದ ಕಾನೂನು ಅನ್ವಯಿಸುತ್ತದೆ ಎಂಬುದನ್ನೂ ಅದರೊಳಗೇ ಬರೆದಿರುತ್ತಾರೆ, ಶಿರಸಿಯವರು ಹೇಳಿದ ಐದು ವರ್ಷದ ಮಾತು ಅಲ್ಲಿ ನಡೆಯದೆ ಹೋಗಬಹುದು.

ಸಹಲೇಖಕರನ್ನು ಮರೆಯಬೇಡಿ. ಜಂಟಿ ಕೃತಿಗೆ ಒಬ್ಬರ ಒಪ್ಪಿಗೆ ಸಾಲದು. ಮಾರ್ಗದರ್ಶಕರಿಂದ ಎರಡು ಸಾಲಿನ ಮಿಂಚಂಚೆ ಬರೆಸಿಕೊಳ್ಳಿ.

ಒಪ್ಪಿಗೆಯಾದ ಹಸ್ತಪ್ರತಿ ಈಗ ಎಲ್ಲಿದೆ ಎಂಬುದು ಬಹಳ ಮಂದಿಗೆ ಗೊತ್ತಿರುವುದಿಲ್ಲ. ನನ್ನದು ಇದ್ದ ಲ್ಯಾಪ್‌ಟಾಪು ಒಂದು ಆಷಾಢದಲ್ಲಿ ಕಪಾಟಿನೊಳಗೇ ಬೂಸ್ಟು ಹಿಡಿದು ಸತ್ತುಹೋಗಿತ್ತು. ಕೊನೆಗೆ ಲೇಖನವನ್ನು ಸಲ್ಲಿಸಿದ ಜರ್ನಲ್‌ನ ತಾಣಕ್ಕೇ ಹಳೆಯ ಪಾಸ್‌ವರ್ಡ್ ಬದಲಿಸಿಕೊಂಡು ಒಳಹೊಕ್ಕಾಗ, 'ಪರಿಷ್ಕರಣೆ 2' ಎಂಬ ಹೆಸರಿನಲ್ಲಿ, ಸಾಲುಸಾಲಿಗೆ ಸಂಖ್ಯೆ ಹಾಕಿದ ಆ ಪಿಡಿಎಫ್ ಹಾಗೇ ಕೂತಿತ್ತು. ನೀವೂ ಅಲ್ಲಿಯೇ ನೋಡಿ.

ಉತ್ತರ 3: ಕುಮಟಾದ ಓದುಗ

ಇಷ್ಟೆಲ್ಲ ತಲೆ ಕೆಡಿಸಿಕೊಳ್ಳಬೇಕೇ? ಹಾಲಕ್ಕಿ ಹಾಡನ್ನು ಬರೆದವರು ಯಾರೆಂದು ಯಾರಿಗೂ ಗೊತ್ತಿಲ್ಲ. ಜನಪದಕ್ಕೆ ಒಡೆಯರಿಲ್ಲ. ಹಾಡು, ಧ್ವನಿ ಎಲ್ಲವನ್ನೂ ಏರಿಸಿಬಿಡಿ, ಹತ್ತು ಜನ ಕೇಳಲಿ.

ಉತ್ತರ 4: ಹೊನ್ನಾವರದ ವಕೀಲ, ಹವ್ಯಾಸಿ ಭಾಗವತ

ಮೇಲಿನ ಮಿತ್ರರ ಮಾತಿನಲ್ಲಿ ಅರ್ಧ ಸತ್ಯವಿದೆ, ಮತ್ತು ಆ ಅರ್ಧವನ್ನು ಮೊದಲೇ ಒಪ್ಪುತ್ತೇನೆ. ಬಾಯಿಂದ ಬಾಯಿಗೆ ಬಂದ, ಕರ್ತೃ ತಿಳಿಯದ ಹಾಡಿನ ಸಾಹಿತ್ಯದ ಮೇಲೆ ಇಂದು ಯಾರೂ ಕೃತಿಸ್ವಾಮ್ಯ ಹೇಳಲಾರರು. ಜನಪದ ಅಭಿವ್ಯಕ್ತಿಗಳಿಗೆಂದೇ ಪ್ರತ್ಯೇಕ ರಕ್ಷಣೆಯೂ ನಮ್ಮ ಕೃತಿಸ್ವಾಮ್ಯ ಕಾಯಿದೆಯಲ್ಲಿಲ್ಲ. ನೀವು ಬರೆದುಕೊಂಡ ಐವತ್ತಕ್ಕೂ ಹೆಚ್ಚು ಹಾಡುಗಳ ಪಠ್ಯವನ್ನು ಧಾರಾಳವಾಗಿ ಪ್ರಬಂಧದಲ್ಲಿಡಿ.

ಧ್ವನಿಯ ಮಾತು ಬೇರೆ. ಹಾಡಿದ ಹೆಂಗಸಿಗೆ ಕಾಯಿದೆಯ 38 ಮತ್ತು 38ಎ ಸೆಕ್ಷನ್ನುಗಳಲ್ಲಿ ಪ್ರದರ್ಶಕರ ಹಕ್ಕು ಇದೆ, ಅದು 50 ವರ್ಷ ಇರುತ್ತದೆ. ಅದಕ್ಕೆ ವೇದಿಕೆ, ಮೈಕು, ಟಿಕೆಟ್ಟು ಬೇಕಾಗಿಲ್ಲ. ಜಗಲಿಯ ಮೇಲೆ ಕೂತು ನಿಮ್ಮ ಮುಂದೆ ಹಾಡಿದರೂ ಅದು ಪ್ರದರ್ಶನವೇ. ಕಾನೂನು ಇಲ್ಲಿ ಒಂದು ಸೂಕ್ಷ್ಮ ಗೆರೆ ಎಳೆದಿದೆ: ಪ್ರಾಮಾಣಿಕವಾಗಿ ಬೋಧನೆ ಅಥವಾ ಸಂಶೋಧನೆಗೆಂದೇ ಧ್ವನಿಮುದ್ರಿಸಿಕೊಳ್ಳುವುದು ಉಲ್ಲಂಘನೆಯಲ್ಲ ಎಂದು 39ನೇ ಸೆಕ್ಷನ್ ಹೇಳುತ್ತದೆ. ಆದ್ದರಿಂದ ನೀವು ಮುದ್ರಿಸಿಕೊಂಡದ್ದು ತಪ್ಪಲ್ಲ. ಅದನ್ನೇ ಜಗತ್ತಿಗೆಲ್ಲ ಕೇಳುವಂತೆ ಜಾಲಕ್ಕೆ ಏರಿಸುವುದು ಸಾರ್ವಜನಿಕರಿಗೆ ತಲುಪಿಸುವ ಬೇರೆಯದೇ ಕ್ರಿಯೆ, ಅದಕ್ಕೆ ಹಾಡಿದವರ ಒಪ್ಪಿಗೆ ಬೇಕು. ಅಂಕೋಲಾದ ಬಡಗೇರಿಯ ಹಾಲಕ್ಕಿ ಹಾಡುಗಾರ್ತಿ ಸುಕ್ರಿ ಬೊಮ್ಮಗೌಡರಿಗೆ 2017ರಲ್ಲಿ ಪದ್ಮಶ್ರೀ ಬಂದಾಗ ನಾವೆಲ್ಲ ಹೆಮ್ಮೆಪಟ್ಟೆವು; ಅವರಂತೆಯೇ ನೂರಾರು ಹಾಡುಗಳನ್ನು ನೆನಪಿನಲ್ಲಿಟ್ಟುಕೊಂಡಿರುವ ಹೆಸರಿಲ್ಲದ ಮುದುಕಿಯರಿಂದ ಒಂದು ಒಪ್ಪಿಗೆ ಕೇಳುವುದನ್ನು ತಲೆ ಕೆಡಿಸಿಕೊಳ್ಳುವ ವಿಷಯ ಎಂದು ನಾನು ಭಾವಿಸುವುದಿಲ್ಲ.

ಒಪ್ಪಿಗೆಯನ್ನು ಮುದ್ರಿತ ಫಾರ್ಮಿನ ಮೇಲೆ ಹೆಬ್ಬೆಟ್ಟು ಒತ್ತಿಸಿಕೊಂಡು ಬರುವ ಪದ್ಧತಿ ನನಗೆ ಹಿಡಿಸುವುದಿಲ್ಲ. ಓದಲು ಬಾರದವರಿಗೆ ಇದು ಏನು, ಎಲ್ಲಿ ಇರುತ್ತದೆ, ಯಾರು ಕೇಳಬಹುದು ಎಂದು ಅವರ ಮಾತಿನಲ್ಲೇ ವಿವರಿಸಿ, ಅವರ ಉತ್ತರವನ್ನು ಅದೇ ರೆಕಾರ್ಡರಿನಲ್ಲಿ ತಾರೀಖು ಹೇಳಿ ಮುದ್ರಿಸಿಕೊಳ್ಳಿ. ಮನೆಯವರೊಬ್ಬರ ಸಹಿ ಇರುವ ಚೀಟಿಯನ್ನೂ ಜೊತೆಗಿಡಿ. ಕೆಲವರು ಮದುವೆ ಹಾಡನ್ನು ಕೊಟ್ಟು ಸಾವಿನ ಹಾಡನ್ನು ಬೇಡ ಎನ್ನಬಹುದು. ಹಾಗೆಂದರೆ ಅದನ್ನು ಬಿಡಿ.

ಹಳೆಯ ಸಂಗ್ರಹದ ಹತ್ತು ಹಾಡುಗಳ ಬಗ್ಗೆ: ಹಾಡು ಸಂಗ್ರಹಕಾರರದಲ್ಲ, ಆದರೆ ಆಯ್ಕೆ, ಪಾಠ ಪರಿಷ್ಕರಣೆ, ಟಿಪ್ಪಣಿ ಅವರವು, ಅವರ ಮರಣದ ನಂತರ 60 ವರ್ಷ ಆ ಹಕ್ಕು ಅವರ ವಾರಸುದಾರರಲ್ಲಿರುತ್ತದೆ. ವಿಮರ್ಶೆಗಾಗಿ ಉದ್ಧರಿಸಲು 52ನೇ ಸೆಕ್ಷನ್ ನ್ಯಾಯಯುತ ಬಳಕೆಯ ಅವಕಾಶ ಕೊಟ್ಟಿದೆ. ಹತ್ತನ್ನೂ ಅನುಬಂಧದಲ್ಲಿ ಸುಮ್ಮನೆ ಪೂರ್ತಿ ಅಚ್ಚು ಮಾಡಿದ್ದರೆ ಅದು ವಿಮರ್ಶೆ ಎನಿಸುವುದು ಕಷ್ಟ. ನಿಮ್ಮ ಪಾಠದ ಪಕ್ಕದಲ್ಲಿಟ್ಟು ಯಾವ ಸಾಲು ಹೇಗೆ ಬದಲಾಗಿದೆ ಎಂದು ಚರ್ಚಿಸಿದ್ದರೆ ಸಮರ್ಥನೆ ಗಟ್ಟಿಯಾಗುತ್ತದೆ. 2016ರ ದೆಹಲಿ ವಿಶ್ವವಿದ್ಯಾಲಯದ ಜೆರಾಕ್ಸ್ ಪ್ರಕರಣದ ತೀರ್ಪನ್ನು ಇಂಥಲ್ಲೆಲ್ಲ ಎತ್ತಿ ಹೇಳುವವರಿದ್ದಾರೆ. ಅದು ತರಗತಿಯ ಬೋಧನೆಗಾಗಿ ಪ್ರತಿ ಮಾಡುವ ವಿನಾಯಿತಿಯ ಕುರಿತದ್ದು. ಜಾಲದಲ್ಲಿ ಎಲ್ಲರಿಗೂ ತೆರೆದಿಡುವುದಕ್ಕೆ ಅದನ್ನು ಎಳೆದು ತರಲು ಬರುವುದಿಲ್ಲ.

ಆಕಾಶವಾಣಿಯ ತುಣುಕನ್ನು ತೆಗೆಯಿರಿ. ಧ್ವನಿಮುದ್ರಿಕೆಯ ಹಕ್ಕು ಅದನ್ನು ನಿರ್ಮಿಸಿದವರದು. ಕಾರ್ಯಕ್ರಮದ ಹೆಸರು, ಪ್ರಸಾರದ ದಿನ ನಮೂದಿಸಿದರೆ ಓದುಗರಿಗೆ ಸಾಕು.

ಪರಂಪರೆಯದೆಲ್ಲ ಒಡೆಯರಿಲ್ಲದ್ದು ಎಂಬ ಮಾತಿಗೆ ಕರಾವಳಿಯದೇ ಒಂದು ಉತ್ತರವಿದೆ. ಕೋಟ ಶಿವರಾಮ ಕಾರಂತರು ರೂಪಿಸಿದ ಯಕ್ಷಗಾನ ಬ್ಯಾಲೆಗಳ ಹಕ್ಕಿನ ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಯಕ್ಷಗಾನ ಯಾರೊಬ್ಬರ ಸ್ವತ್ತಲ್ಲ. ಆದರೆ ಅದರೊಳಗಿನಿಂದಲೇ ಕಾರಂತರು ತಮ್ಮ ಕಲ್ಪನೆಯಿಂದ ಕಟ್ಟಿದ ರೂಪಕ್ಕೆ ಹಕ್ಕಿದೆ, ಅದು ಅವರ ಮರಣಶಾಸನದ ಮೂಲಕ ಇನ್ನೊಬ್ಬರಿಗೆ ಹೋಗಿದೆ ಎಂಬುದನ್ನು ನ್ಯಾಯಾಲಯಗಳು ಒಪ್ಪಿದವು. 2009ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿದು, 52ನೇ ಸೆಕ್ಷನ್ನಿನ ವಿನಾಯಿತಿಗಳ ಪ್ರಯೋಜನ ಪಡೆಯಲು ಎದುರು ಪಕ್ಷದ ಶಿಕ್ಷಣ ಸಂಸ್ಥೆಗೆ ಅಡ್ಡಿಯಿಲ್ಲ ಎಂದೂ ಸ್ಪಷ್ಟಪಡಿಸಿತು. ಭಾಗವತಿಕೆ ಮಾಡುವವನಾಗಿ ನಾನು ಆ ತೀರ್ಪನ್ನು ಓದಿದಾಗ ಮೊದಲು ಕಸಿವಿಸಿಯಾದದ್ದು ನಿಜ, ಆಮೇಲೆ ಸರಿಯೆನಿಸಿತು.

ಪ್ರಶ್ನೆ ಕೇಳಿದವರು: ಅಂಕೋಲಾದ ಸಂಶೋಧಕಿ

ಇಷ್ಟು ವಿವರವಾಗಿ ಬರೆದ ಎಲ್ಲರಿಗೂ ಕೃತಜ್ಞತೆಗಳು. ಈ ಹತ್ತು ದಿನಗಳಲ್ಲಿ ಆದದ್ದನ್ನು ತಿಳಿಸುತ್ತೇನೆ.

ಸಂಪಾದಿತ ಗ್ರಂಥದ ಹಿಂಬದಿ ಪುಟದಲ್ಲಿ 'ಹಕ್ಕುಗಳು: ಆಯಾ ಲೇಖಕರವು' ಎಂದೇ ಇದೆ. ಮೂರು ವರ್ಷ ಕಪಾಟಿನಲ್ಲಿದ್ದ ಪುಸ್ತಕದ ಆ ಪುಟವನ್ನು ನಾನು ಒಮ್ಮೆಯೂ ನೋಡಿರಲಿಲ್ಲ. ಜರ್ನಲ್‌ನ ತಾಣದಲ್ಲಿ ನಾನು ಒತ್ತಿದ್ದ ಕರಾರಿನ ಪ್ರತಿ ಸಿಕ್ಕಿತು. ಲೇಖಕರ ಪ್ರಬಂಧದಲ್ಲಿ ಸೇರಿಸಲು ಅದರಲ್ಲೇ ಅನುಮತಿಯಿದೆ, ಮೂಲ ಪ್ರಕಟಣೆಯ ವಿವರ ಕೊಡಬೇಕೆಂಬುದು ಷರತ್ತು. ಮಾರ್ಗದರ್ಶಕರು ಒಪ್ಪಿಗೆಯ ಮಿಂಚಂಚೆಯನ್ನು ಅದೇ ಸಂಜೆ ಕಳಿಸಿದರು. ಪತ್ರಿಕೆಯ ಆರು ಫೋಟೊ, ಆಕಾಶವಾಣಿಯ ತುಣುಕು ಎರಡನ್ನೂ ತೆಗೆದಿದ್ದೇನೆ. ಹಳೆಯ ಸಂಗ್ರಹದ ಹತ್ತು ಹಾಡುಗಳಲ್ಲಿ ನಾಲ್ಕನ್ನು ಪಾಠಾಂತರ ಚರ್ಚೆಯೊಳಗೆ ತಂದು, ಉಳಿದವುಗಳಿಗೆ ಪುಟಸಂಖ್ಯೆ ಮಾತ್ರ ಕೊಟ್ಟಿದ್ದೇನೆ. ನಿಜ ಹೇಳಬೇಕೆಂದರೆ ಅನುಬಂಧ ತೆಳುವಾಯಿತು, ಅಧ್ಯಾಯ ದಪ್ಪವಾಯಿತು.

ಧ್ವನಿಮುದ್ರಿಕೆಗಾಗಿ ಕಳೆದ ಭಾನುವಾರ ಹಾಡಿದವರ ಮನೆಗಳಿಗೆ ಹೋಗಿ ಬಂದೆ. ಹದಿನಾಲ್ಕು ಮಂದಿಯಲ್ಲಿ ಹನ್ನೊಂದು ಮಂದಿ ಒಪ್ಪಿದರು. ಒಬ್ಬ ಅಜ್ಜಿ, "ನಾ ಸತ್ತ ಮೇಲೂ ನನ್ನ ದನಿ ಅಲ್ಲಿ ಇರ್ತದ್ಯೇ?" ಎಂದು ಎರಡು ಸಲ ಕೇಳಿ, ಇರುತ್ತದೆ ಎಂದಾಗ, ಹಾಗಾದರೆ ಆವತ್ತು ನೆಗಡಿಯಾಗಿತ್ತು, ಸರಿಯಾಗಿ ಹಾಡಿಲ್ಲ, ಈಗ ಇನ್ನೊಮ್ಮೆ ಹಾಡುತ್ತೇನೆ ಎಂದು ಕೂತರು. ಇಬ್ಬರು ಬೇಡ ಎಂದರು. ಇನ್ನೊಬ್ಬರು ತೀರಿಕೊಂಡಿದ್ದಾರೆ, ಅವರ ಮಗ ಮೀನುಗಾರಿಕೆಗೆ ಹೋದವರು ಬರಬೇಕು.

ಗ್ರಂಥಪಾಲಕರಿಗೆ ಒಂದು ಪ್ರಶ್ನೆ: ಆ ಮೂವರ ಧ್ವನಿಯನ್ನು ಬಿಟ್ಟು ಉಳಿದದ್ದನ್ನು ಮಾತ್ರ ಈಗ ಕೊಡಲು ಸಾಧ್ಯವೇ?

ಉತ್ತರ 5: ಶಿರಸಿಯ ಗ್ರಂಥಪಾಲಕ

ಸಾಧ್ಯ. ಶೋಧಗಂಗಾದಲ್ಲಿಯೂ ಪ್ರಬಂಧ ಒಂದೇ ಕಡತವಾಗಿ ಹೋಗುವುದಿಲ್ಲ; ಶೀರ್ಷಿಕೆ ಪುಟ, ಪ್ರತಿ ಅಧ್ಯಾಯ, ಅನುಬಂಧ ಎಲ್ಲವೂ ಸಂಖ್ಯೆ ಹಾಕಿದ ಬೇರೆ ಬೇರೆ ಪಿಡಿಎಫ್‌ಗಳು. ವಿಶ್ವವಿದ್ಯಾಲಯದ ಭಂಡಾರಕ್ಕೆ ಧ್ವನಿಯನ್ನು ಕೊಡುವಾಗ ಒಬ್ಬೊಬ್ಬ ಹಾಡುಗಾರ್ತಿಗೆ ಒಂದೊಂದು ಕಡತ ಮಾಡಿ, ಅದರ ಒಪ್ಪಿಗೆಯ ಕಡತಕ್ಕೂ ಅದೇ ಸಂಖ್ಯೆ ಕೊಡಿ. ಒಪ್ಪದ ಇಬ್ಬರದನ್ನು ಕೊಡಲೇಬೇಡಿ. ತೀರಿಕೊಂಡವರದನ್ನು 'ಅನುಮತಿ ಬಾಕಿ, ತೆರೆಯಬಾರದು' ಎಂಬ ಟಿಪ್ಪಣಿಯೊಂದಿಗೆ ಮುಚ್ಚಿದ ಕಡತವಾಗಿ ಇಡಲು ಕೇಳಬಹುದು, ಮಗ ಬಂದ ಮೇಲೆ ತೆರೆಸಿದರಾಯಿತು. ಒಪ್ಪಿಗೆಪತ್ರದಲ್ಲಿ 'ಎಲ್ಲ ಸಾಮಗ್ರಿಗೂ ಅನುಮತಿ ಪಡೆದಿದ್ದೇನೆ' ಎಂಬ ಸಾಲಿನ ಪಕ್ಕದಲ್ಲಿ 'ಲಗತ್ತಿಸಿದ ಪಟ್ಟಿಯಲ್ಲಿ ಹೇಳಿದವುಗಳನ್ನು ಹೊರತುಪಡಿಸಿ' ಎಂದು ಕೈಯಲ್ಲಿ ಬರೆದು, ಅಲ್ಲೊಂದು ಚಿಕ್ಕ ಸಹಿ ಹಾಕಿ. ಪ್ರತಿಗೆ ಗ್ರಂಥಾಲಯದ ಮೊಹರು ಮತ್ತು ತಾರೀಖು ಹಾಕಿಸಿಕೊಂಡು ಬನ್ನಿ.